ಹೆಸರು ಬರೆದಿಟ್ಟರೆ ಮೀನು ಉಳಿಯುತ್ತಾ?

ಪ್ರಶ್ನೆ: ಎರಡು ವರ್ಷದಿಂದ ಸಿಯಾಟಲ್‌ನಲ್ಲಿದ್ದೇನೆ. ಕೆಲಸ ಸಾಫ್ಟ್‌ವೇರ್. ಇಲ್ಲಿನ ಗೆಳೆಯರು ನೀರು ಇಳಿದಾಗಲೆಲ್ಲ ನನ್ನನ್ನು ಸಮುದ್ರದ ದಡಕ್ಕೆ ಎಳೆದುಕೊಂಡು ಹೋಗುತ್ತಾರೆ. ಏಡಿ, ನಕ್ಷತ್ರಮೀನು, ಕಡಲ ಹುಳು ಕಂಡದ್ದಕ್ಕೆಲ್ಲ ಫೋಟೋ ತೆಗೆದು, ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕುತ್ತಾರೆ. ನನಗೂ ಖುಷಿಯೇ. ಆದರೆ ಇಲ್ಲಿನ ಸಾಲಿಶ್ ಸಮುದ್ರದಲ್ಲಿ ಓರ್ಕಾ ತಿಮಿಂಗಿಲಗಳು ಕಡಿಮೆಯಾಗುತ್ತಿವೆ, ಸಾಲ್ಮನ್ ಮೀನುಗಳು ಕಡಿಮೆಯಾಗುತ್ತಿವೆ ಅಂತ ಓದುತ್ತಲೇ ಇರುತ್ತೇನೆ. ಇಷ್ಟು ಜನ ಇಷ್ಟೊಂದು ಪಟ್ಟಿ ಮಾಡಿ ಆಗಿದ್ದೇನು? ಹೆಸರು ಬರೆದಿಟ್ಟ ಮಾತ್ರಕ್ಕೆ ಜೀವಿ ಉಳಿಯುತ್ತದಾ? ಅದರ ಬದಲು ದಡದ ಕಸ ಹೆಕ್ಕಿದರೇ ಮೇಲು ಅಲ್ವಾ?

ಉತ್ತರ:

ಬರೀ ಹೆಸರು ಬರೆದಿಟ್ಟರೆ ಉಳಿಯುವುದಿಲ್ಲ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೆ ಸಾಲಿಶ್ ಸಮುದ್ರದಲ್ಲಿ ಇವತ್ತು ಯಾವ ಜೀವಿಗೆ ಒಂದಿಷ್ಟು ರಕ್ಷಣೆ ಸಿಕ್ಕಿದೆಯೋ ಅದರ ಜಾಡು ಹಿಡಿದು ಹಿಂದಕ್ಕೆ ಹೋಗಿ ನೋಡಿ. ಯಾರೋ ಕೆಲವರು ಚಳಿಯಲ್ಲಿ ನಿಂತು ವರ್ಷಗಟ್ಟಲೆ ಲೆಕ್ಕ ಇಟ್ಟದ್ದು ಸಿಗುತ್ತದೆ. ಹಾಗಾಗಿ ಪಟ್ಟಿ ಬೇಕಾ ಬೇಡವಾ ಅನ್ನುವುದಕ್ಕಿಂತ ಎಂಥ ಪಟ್ಟಿ ಕೆಲಸಕ್ಕೆ ಬರುತ್ತದೆ ಅಂತ ಕೇಳಬೇಕು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಕಂಡದ್ದನ್ನೂ ಕಾಣದ್ದನ್ನೂ ಬರೆದ ಪಟ್ಟಿ. ಅಪರೂಪದ ಜೀವಿಯ ಚಂದದ ಫೋಟೋ ಅಲ್ಲ.

ಈ ಜಾಗ ನೋಡದ ಓದುಗರಿಗಾಗಿ ಎರಡು ಮಾತು. ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೂ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೂ ಸೇರಿದ, ನೆಲದೊಳಕ್ಕೆ ನುಗ್ಗಿ ನಿಂತ ಉಪ್ಪುನೀರು ಇದು. ಪಶ್ಚಿಮಕ್ಕೆ ವ್ಯಾಂಕೂವರ್ ದ್ವೀಪ ಗೋಡೆಯ ಹಾಗೆ ಅಡ್ಡ ನಿಂತಿದೆ. ಪೆಸಿಫಿಕ್ ಸಾಗರದ ನೀರು ಮುಖ್ಯವಾಗಿ ಹ್ವಾನ್ ಡಿ ಫುಕಾ ಜಲಸಂಧಿಯಿಂದ ಒಳಗೆ ಬರುತ್ತದೆ. ಫ್ರೇಸರ್‌ನಂಥ ನದಿಗಳು ಸಿಹಿನೀರು ತಂದು ಸುರಿಯುತ್ತವೆ. ಆ ಜಲಸಂಧಿ, ಜಾರ್ಜಿಯಾ ಜಲಸಂಧಿ, ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್, ಮೂರೂ ಸೇರಿ ಒಂದೇ ನೀರು. ಆದರೆ ಆ ಒಂದು ನೀರಿಗೆ ಒಂದು ಹೆಸರು ಅಧಿಕೃತವಾಗಿ ಸಿಕ್ಕಿದ್ದು 2009–10ರಲ್ಲಿ! ಬರ್ಟ್ ವೆಬರ್ ಎಂಬ ಕಡಲ ಜೀವಶಾಸ್ತ್ರಜ್ಞ ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮುಂಚೆಯೇ ಈ ಹೆಸರು ಸೂಚಿಸಿದ್ದರು. ಅಲ್ಲಿಯವರೆಗೆ ಭೂಪಟದಲ್ಲಿ ಗಡಿಗೆರೆ ಬಂದಲ್ಲಿ ಸಮುದ್ರವೂ ಮುಗಿದ ಹಾಗೆ ಕಾಣುತ್ತಿತ್ತು. ಮೀನಿಗೆ ಪಾಸ್‌ಪೋರ್ಟ್ ಇಲ್ಲ, ಚೆಲ್ಲಿದ ಎಣ್ಣೆಗೂ ಇಲ್ಲ.

ಜೀವಿಗಳ ಪಟ್ಟಿಯೂ ತಡವಾಗಿಯೇ ಕೂಡಿತು. ಈ ಸಮುದ್ರವನ್ನು ನಂಬಿ ಬದುಕುವ 172 ಬಗೆಯ ಹಕ್ಕಿ, 37 ಬಗೆಯ ಸಸ್ತನಿಗಳ ಪಟ್ಟಿ ಬಂದದ್ದು 2011ರಲ್ಲಿ. 253 ಬಗೆಯ ಮೀನುಗಳ ಪಟ್ಟಿ 2015ರಲ್ಲಿ. ಬೆನ್ನುಮೂಳೆ ಇಲ್ಲದ ಪುಟ್ಟ ಜೀವಿಗಳು ಸಾವಿರಗಟ್ಟಲೆ ಇವೆ.

ನೀವು ಓರ್ಕಾ ಹೆಸರು ಎತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. 1960ರ ದಶಕದಲ್ಲಿ ಇಲ್ಲಿನ ಓರ್ಕಾಗಳನ್ನು ಬಲೆ ಹಾಕಿ ಹಿಡಿದು ಅಕ್ವೇರಿಯಂಗಳಿಗೆ ಮಾರುತ್ತಿದ್ದರು. ಸಾವಿರಾರು ಇವೆ, ನಾಲ್ಕು ಹಿಡಿದರೆ ಏನಾಯಿತು ಅನ್ನುವ ನಂಬಿಕೆ. ಯಾರೂ ಎಣಿಸಿರಲಿಲ್ಲ. 1971ರಲ್ಲಿ ಕೆನಡಾದ ಮೈಕೆಲ್ ಬಿಗ್ ಎಂಬ ವಿಜ್ಞಾನಿ ಒಂದು ಉಪಾಯ ಮಾಡಿದರು. ದೋಣಿಯವರಿಗೆ, ಮೀನುಗಾರರಿಗೆ, ದೀಪಸ್ತಂಭ ಕಾಯುವವರಿಗೆ ಸಾವಿರಗಟ್ಟಲೆ ಪ್ರಶ್ನಾವಳಿ ಹಂಚಿ, ಗೊತ್ತುಮಾಡಿದ ದಿನ ಕಂಡ ಓರ್ಕಾಗಳನ್ನು ಬರೆದು ಕಳಿಸಿ ಎಂದರು. ಲೆಕ್ಕ ಕೂಡಿದಾಗ ಸಾವಿರದ ಮಾತೇ ಇಲ್ಲ, ಕೆಲವೇ ನೂರು. ಅದಾದ ಮೇಲೆ ಅವರ ತಂಡ ಇನ್ನೊಂದು ವಿಷಯ ಕಂಡುಕೊಂಡಿತು. ಪ್ರತಿ ಓರ್ಕಾದ ಬೆನ್ನಿನ ರೆಕ್ಕೆ, ಅದರ ಹಿಂದಿನ ಬೂದು ಮಚ್ಚೆ ಬೇರೆ ಬೇರೆ. ಕಚ್ಚಿದ ಗುರುತು, ಗೀರು, ಬಾಗು ನೋಡಿ ಒಂದೊಂದನ್ನೂ ಗುರುತು ಹಿಡಿಯಬಹುದು. ಒಂದೊಂದಕ್ಕೂ ನಂಬರ್ ಬಂತು. ಇಲ್ಲೇ ಬೇರೂರಿದ ದಕ್ಷಿಣದ ಗುಂಪಿನಿಂದ ಆ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ಓರ್ಕಾಗಳನ್ನು, ಅದರಲ್ಲೂ ಮರಿಗಳನ್ನೇ, ಹಿಡಿದೊಯ್ದಿದ್ದರು. 1976ರಲ್ಲಿ ಎಣಿಸಿದರೆ ಉಳಿದಿದ್ದು ಎಪ್ಪತ್ತರ ಆಸುಪಾಸು. ವಾಷಿಂಗ್ಟನ್‌ನಲ್ಲಿ ಹಿಡಿಯುವುದು ನಿಂತದ್ದು ಅದೇ ವರ್ಷ.

ಈಗ ಮುಂದಿನ ಕಥೆ. 1995ರಲ್ಲಿ ಈ ದಕ್ಷಿಣದ ಗುಂಪಿನ ಸಂಖ್ಯೆ 98ಕ್ಕೆ ಏರಿತು. ಮತ್ತೆ ಇಳಿಯಿತು. 2005ರಲ್ಲಿ ಅಮೆರಿಕ ಅವುಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಈಗ ಮತ್ತೆ 75ರ ಆಸುಪಾಸಿನಲ್ಲೇ ಇವೆ. ಅಂದರೆ ಜಗತ್ತಿನಲ್ಲೇ ಅತಿ ಚೆನ್ನಾಗಿ ದಾಖಲಾದ ತಿಮಿಂಗಿಲ ಕುಟುಂಬಗಳಲ್ಲಿ ಒಂದು ಇದು, ಆದರೂ ಹೆಚ್ಚಿಲ್ಲ. ನಿಮ್ಮ ಪ್ರಶ್ನೆಯ ಮುಳ್ಳು ಚುಚ್ಚುವುದು ಇಲ್ಲೇ. ಅದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಯಾಕೆ ಹೆಚ್ಚಿಲ್ಲ ಅಂತ ನಮಗೆ ಗೊತ್ತಾದದ್ದು ಹೇಗೆ? ಟಕರ್ ಎಂಬ ಕಪ್ಪು ನಾಯಿಯಿಂದ. ಸುಮ್ನೆ ಹೇಳುತ್ತಿಲ್ಲ. ದೋಣಿಯ ಮುಂದೆ ನಿಂತು ನೀರಿನ ಮೇಲೆ ತೇಲುವ ಓರ್ಕಾ ಮಲದ ವಾಸನೆ ಹಿಡಿಯುವುದು ಅವನ ಕೆಲಸವಾಗಿತ್ತು. ಮೈ ಒದ್ದೆ ಮಾಡಿಕೊಳ್ಳುವುದೆಂದರೆ ಅವನಿಗೆ ಆಗುತ್ತಿರಲಿಲ್ಲ ಅನ್ನುವುದು ತಮಾಷೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆ ಮಲದಲ್ಲಿ ಹಾರ್ಮೋನು ನೋಡಿ, ಯಾವುದು ಗರ್ಭ ಧರಿಸಿತ್ತು, ಯಾವುದು ಹಸಿದಿತ್ತು ಅಂತ ಲೆಕ್ಕ ಹಾಕಿದರು. 2008ರಿಂದ 2014ರವರೆಗೆ ಗೊತ್ತಾದ ಗರ್ಭಗಳಲ್ಲಿ ಶೇ. 69ರಷ್ಟು ನಿಲ್ಲಲಿಲ್ಲ. ಮುಖ್ಯ ಕಾರಣ ಹಸಿವು. ಇವು ತಿನ್ನುವುದು ಹೆಚ್ಚಾಗಿ ಚಿನೂಕ್ ಸಾಲ್ಮನ್, ಅದೇ ಕಡಿಮೆ. ಜೊತೆಗೆ ಹಡಗಿನ ಸದ್ದು. ಓರ್ಕಾ ಬೇಟೆಯನ್ನು ಹುಡುಕುವುದು ಸದ್ದಿನಿಂದ, ಹಾಗಾಗಿ ಗಲಾಟೆಯಲ್ಲಿ ಊಟ ಸಿಗುವುದಿಲ್ಲ. 2017ರಿಂದ ಹಾರೊ ಜಲಸಂಧಿಯಲ್ಲಿ ದೊಡ್ಡ ಹಡಗುಗಳು ಬೇಸಿಗೆಯಲ್ಲಿ ತಾವಾಗಿಯೇ ವೇಗ ತಗ್ಗಿಸುವ ಏರ್ಪಾಡು ಬಂತು. 2025ರ ಜನವರಿಯಿಂದ ವಾಷಿಂಗ್ಟನ್‌ನಲ್ಲಿ ದೋಣಿಗಳು ಈ ಓರ್ಕಾಗಳಿಂದ 1,000 ಗಜ ದೂರ ಇರಬೇಕು. ಇವೆಲ್ಲ ಸಾಕಾ? ಸಾಲದು. ಆದರೆ ರೋಗ ಯಾವುದು ಅಂತಲಾದರೂ ತಿಳಿದಿದೆ.

ಚಿನೂಕ್ ಯಾಕೆ ಕಡಿಮೆ ಅನ್ನುವುದಕ್ಕೆ ಹತ್ತು ಕಾರಣ ಇವೆ. ಅದರಲ್ಲಿ ಒಂದು ನಿಮ್ಮಂಥವರ ಕೈಗೆ ಸಿಗುವಂಥದ್ದು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಅಲ್ಲೇ.

ಚಿನೂಕ್ ಸಾಲ್ಮನ್ ತಿನ್ನುವ ಸಣ್ಣ ಮೀನುಗಳಲ್ಲಿ ಸರ್ಫ್ ಸ್ಮೆಲ್ಟ್, ಸ್ಯಾಂಡ್ ಲ್ಯಾನ್ಸ್ ಅಂತ ಎರಡಿವೆ. ಇವು ಮೊಟ್ಟೆ ಇಡುವುದು ಆಳದಲ್ಲಲ್ಲ. ಉಬ್ಬರದ ನೀರು ಬಂದು ಮುಟ್ಟುವ ದಡದ ಮೇಲ್ಭಾಗದ ಮರಳಿನಲ್ಲಿ, ಸಣ್ಣ ಕಲ್ಲಿನಲ್ಲಿ. ಮೊಟ್ಟೆ ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಸ್ಯಾಂಡ್ ಲ್ಯಾನ್ಸ್ ಮೊಟ್ಟೆಗೆ ಮರಳಿನ ಕಣಗಳೇ ಅಂಟಿಕೊಂಡಿರುತ್ತವೆ, ಬರಿಗಣ್ಣಿಗೆ ಅದೂ ಮರಳೇ. ಅದರ ಮೇಲೆಯೇ ನಾವು ಟವೆಲ್ ಹಾಸಿ ಕೂರುತ್ತೇವೆ. ಸ್ಯಾಂಡ್ ಲ್ಯಾನ್ಸ್ ಇಲ್ಲಿ ದಡದಲ್ಲಿ ಮೊಟ್ಟೆ ಇಡುತ್ತದೆ ಅನ್ನುವುದೇ ಗೊತ್ತಾದದ್ದು 1989ರಲ್ಲಿ.

ಈಗ ಪ್ಯೂಜೆಟ್ ಸೌಂಡ್ ದಡದಲ್ಲಿ ಕಾಲು ಭಾಗಕ್ಕೂ ಜಾಸ್ತಿ ಕಡೆ ಕಲ್ಲು, ಕಾಂಕ್ರೀಟಿನ ತಡೆಗೋಡೆ ಇದೆ. ಗೋಡೆ ಕಟ್ಟಿದರೆ ಮೊಟ್ಟೆಯ ಜಾಗವೇ ಮುಚ್ಚಿಹೋಗುತ್ತದೆ. ಗುಡ್ಡದಿಂದ ಜಾರಿ ಬರುವ ಹೊಸ ಮರಳು ನಿಲ್ಲುತ್ತದೆ. ಮರ ಕಡಿದರೆ ನೆರಳು ಹೋಗಿ ಮೊಟ್ಟೆ ಒಣಗುತ್ತದೆ. ವಾಷಿಂಗ್ಟನ್‌ನಲ್ಲಿ ನೀರಂಚಿನಲ್ಲಿ ಇಂಥ ಕೆಲಸ ಮಾಡಲು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಅನುಮತಿ ಬೇಕು. ಮೊಟ್ಟೆ ಇಡುವ ದಡ ಅಂತ ದಾಖಲಾಗಿದ್ದರೆ ನಿಯಮ ಬಿಗಿಯಾಗುತ್ತದೆ. ಇಂಥ ತಿಂಗಳಲ್ಲಿ ಕೆಲಸ ಮಾಡುವ ಹಾಗಿಲ್ಲ, ಮೊಟ್ಟೆಯ ಜಾಗಕ್ಕೆ ಹಾನಿ ಆಗುವ ಹಾಗಿಲ್ಲ ಅಂತೆಲ್ಲ ಷರತ್ತು ಬರುತ್ತದೆ. ದಾಖಲಾಗಿಲ್ಲವಾ? ಆ ಬಿಗಿ ಇಲ್ಲ. ಅಲ್ಲಿ ಮೊಟ್ಟೆ ನಿಜವಾಗಿ ಇದ್ದರೂ ಕಾಗದದ ಮೇಲೆ ಅದು ಬರೀ ಮರಳು.

ಹಾಗಾಗಿ ಸ್ವಯಂಸೇವಕರು ಬಕೆಟ್, ಜರಡಿ ಹಿಡಿದು ಹೋಗುತ್ತಾರೆ. ದಡದ ಉದ್ದಕ್ಕೂ ಮರಳು ಬಾಚಿ, ಜರಡಿ ಹಿಡಿದು, ನೀರಲ್ಲಿ ತಿರುಗಿಸಿ ಹಗುರಾದದ್ದನ್ನು ಬೇರೆ ಮಾಡಿ, ಸೂಕ್ಷ್ಮದರ್ಶಕದಡಿ ಮೊಟ್ಟೆ ಹುಡುಕುತ್ತಾರೆ. ನಾನೂ ಮಾಡಿದ್ದೇನೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಆದರೆ ಇಲ್ಲಿ ಕಲ್ಲಿನಲ್ಲಿ ಅಕ್ಕಿ. ಬೆರಳು ಮರಗಟ್ಟುತ್ತದೆ, ಬಹುಪಾಲು ಸಲ ಏನೂ ಸಿಗುವುದಿಲ್ಲ. ಸಿಕ್ಕ ದಿನ ಆ ದಡದ ಕಾನೂನೇ ಬದಲಾಗುತ್ತದೆ. ಇದಕ್ಕಿಂತ ನೇರವಾಗಿ ಹೆಸರು ಬರೆದಿಟ್ಟು ಮೀನು ಉಳಿಸುವುದನ್ನು ನಾನು ಕಂಡಿಲ್ಲ.

ಆಳದಲ್ಲೂ ಇದೇ ಕಥೆ. ಜಾರ್ಜಿಯಾ ಜಲಸಂಧಿಯಲ್ಲಿ ಗಾಜಿನ ಸ್ಪಂಜು ಎಂಬ ಕಡಲಜೀವಿಯ ದಿಬ್ಬಗಳಿವೆ. ಗಾಜಿನ ಹಾಗೆಯೇ ಸಿಲಿಕಾದಿಂದ ಆದ ಮೈ, ಬಲೆ ತಾಗಿದರೆ ಪುಡಿಪುಡಿ. ಸದ್ದು ಕಳಿಸಿ ಕಡಲ ತಳ ನೋಡುವ ಸೋನಾರ್‌ನಿಂದ ಅವುಗಳ ನಕ್ಷೆ ಆದ ಮೇಲೆಯೇ ಕೆನಡಾ 2015ರಲ್ಲಿ ಒಂಬತ್ತು ದಿಬ್ಬಗಳ ಮೇಲೆ ತಳ ಮುಟ್ಟುವ ಮೀನುಗಾರಿಕೆಯನ್ನು ನಿಲ್ಲಿಸಿತು. ಎಲ್ಲಿದೆ ಅಂತ ಗೊತ್ತಿಲ್ಲದ್ದಕ್ಕೆ ಬೇಲಿ ಹಾಕಲು ಆಗುವುದಿಲ್ಲ.

ಇನ್ನು ನೀವು ದಿನಾ ಕಾರು ಓಡಿಸುವ ರಸ್ತೆಗೇ ಸಂಬಂಧಿಸಿದ್ದು ಒಂದು. ಸಿಯಾಟಲ್ ಊರೊಳಗೆ ಲಾಂಗ್‌ಫೆಲೋ ಕ್ರೀಕ್ ಅಂತ ಹೊಳೆ ಇದೆ. ಅಲ್ಲಿಗೆ ಮೊಟ್ಟೆ ಇಡಲು ಬಂದ ಕೋಹೊ ಸಾಲ್ಮನ್‌ಗಳು ಮಳೆ ಬಂದ ಕೂಡಲೇ ಸಾಯುತ್ತಿದ್ದವು. ಹೊಳೆ ದಂಡೆಯಲ್ಲಿ ನಡೆದು ಸತ್ತ ಮೀನಿನ ಹೊಟ್ಟೆ ಸೀಳಿ ನೋಡಿದವರು ಮೊಟ್ಟೆ ಹಾಗೇ ಇದೆ ಅಂತ ವರ್ಷವರ್ಷ ಬರೆದಿಟ್ಟರು. ಈ ಭಾಗದ ಊರ ಹೊಳೆಗಳಲ್ಲಿ ಬಂದ ಕೋಹೊಗಳ ಪೈಕಿ ಶೇ. 40ರಿಂದ 90ರಷ್ಟು ಹೀಗೆ ಸತ್ತದ್ದು ದಾಖಲಾಯಿತು. ಅದೇ ನೀರಲ್ಲಿ ಚಮ್ ಸಾಲ್ಮನ್‌ಗೆ ಏನೂ ಆಗುತ್ತಿರಲಿಲ್ಲ! 2020ರ ಕೊನೆಗೆ ಕಾರಣ ಸಿಕ್ಕಿತು. ಟೈರು ಬಿರುಕು ಬಿಡದಿರಲಿ ಅಂತ ರಬ್ಬರಿಗೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಓಝೋನ್ ಜೊತೆ ಸೇರಿ ಬೇರೆ ವಸ್ತುವಾಗುತ್ತದೆ, ಅದೇ ವಿಷ. ರಸ್ತೆಯ ನೀರನ್ನು ಮಣ್ಣಿನ ಮೂಲಕ ಸೋಸಿ ಬಿಟ್ಟರೆ ಮೀನು ಬದುಕುತ್ತದೆ ಅನ್ನುವುದನ್ನೂ ಪ್ರಯೋಗದಲ್ಲಿ ತೋರಿಸಿದ್ದಾರೆ. ಪ್ರಯೋಗಾಲಯ ಕಂಡುಹಿಡಿದದ್ದು ಹೌದು. ಆದರೆ ಹುಡುಕಬೇಕಾದದ್ದು ಏನೋ ಇದೆ ಅಂತ ಹೇಳಿದ್ದು ಹೊಳೆ ದಂಡೆಯ ಲೆಕ್ಕದ ಪುಸ್ತಕ.

ನಕ್ಷತ್ರಮೀನಿನ ವಿಷಯಕ್ಕೆ ಬನ್ನಿ. ಇಲ್ಲಿ ಸೂರ್ಯಕಾಂತಿ ನಕ್ಷತ್ರಮೀನು ಅಂತ ಒಂದಿತ್ತು. ಇತ್ತು ಅಂತ ಬಾಯಿಗೆ ಬರುತ್ತದೆ, ಅಲ್ಲಲ್ಲಿ ಈಗಲೂ ಇದೆ. ಇಪ್ಪತ್ತಕ್ಕೂ ಹೆಚ್ಚು ತೋಳು, ಹರಡಿದರೆ ಒಂದು ಮೀಟರ್ ಅಗಲ. 2013ರಿಂದ ಬಂದ ರೋಗಕ್ಕೆ ಅದರ ಸಂತತಿಯಲ್ಲಿ ಶೇ. 90ಕ್ಕಿಂತ ಹೆಚ್ಚು ಸತ್ತವು. ತೋಳು ಕಳಚಿ, ಮೈ ಕರಗಿ ಲೋಳೆಯಾಗುತ್ತಿತ್ತು. ಅದು ಹೋದ ಮೇಲೆ ಅದು ತಿನ್ನುತ್ತಿದ್ದ ಸೀ ಅರ್ಚಿನ್ ಎಂಬ ಮುಳ್ಳುಚೆಂಡುಗಳು ಹೆಚ್ಚಿದವು. ವ್ಯಾಂಕೂವರ್ ಬಳಿಯ ಹೌ ಸೌಂಡ್‌ನಲ್ಲಿ ಹಸಿರು ಸೀ ಅರ್ಚಿನ್ ನಾಲ್ಕು ಪಟ್ಟಾಗಿ, ಅವು ಮೇಯುವ ಕೆಲ್ಪ್ ಎಂಬ ಕಡಲಕಳೆ ಶೇ. 80ರಷ್ಟು ಕಡಿಮೆಯಾಯಿತು. ಎಷ್ಟು ಸತ್ತವು ಅಂತ ಹೇಳಲು ಮೊದಲು ಎಷ್ಟಿದ್ದವು ಅಂತ ಗೊತ್ತಿರಬೇಕಲ್ಲ? ಅದು ಗೊತ್ತಿದ್ದದ್ದರಲ್ಲಿ ಹವ್ಯಾಸಿ ಡೈವರ್‌ಗಳ ಪಾಲು ದೊಡ್ಡದು. ರೋಗದ ಸುಳಿವೇ ಇಲ್ಲದ ಕಾಲದಲ್ಲಿ, ಪ್ರತಿ ಸಲ ನೀರಿಂದ ಮೇಲೆ ಬಂದಾಗ "ಒಂದು, ಕೆಲವು, ಹಲವು, ರಾಶಿ" ಅಂತ ನಾಲ್ಕು ಮನೆಯಲ್ಲಿ ಗುರುತು ಹಾಕಿದ್ದರು. ಆಗ ಅದು ಯಾರಿಗೂ ಬೇಡದ ಮಾಹಿತಿ. ಎಲ್ಲ ಕಡೆ ಸಿಗುವ ಜೀವಿಯನ್ನು ಯಾರು ಬರೆಯುತ್ತಾರೆ? ರೋಗಾಣು ಒಂದು ಬಗೆಯ ವಿಬ್ರಿಯೊ ಬ್ಯಾಕ್ಟೀರಿಯಾ ಅಂತ ಖಚಿತವಾದದ್ದು 2025ರಲ್ಲಿ, ಹನ್ನೆರಡು ವರ್ಷದ ನಂತರ.

ದಾಖಲೆ ಯಾವಾಗಲೂ ರಕ್ಷಣೆ ಹೆಚ್ಚಿಸುತ್ತದೆ ಅಂತ ತಿಳಿಯಬೇಡಿ, ತೆಗೆಯುವುದೂ ಉಂಟು. 2010ರಲ್ಲಿ ಇಲ್ಲಿನ ಮೂರು ಬಗೆಯ ರಾಕ್‌ಫಿಶ್‌ಗಳನ್ನು ಅಮೆರಿಕದ ರಕ್ಷಿತ ಪಟ್ಟಿಗೆ ಸೇರಿಸಿದರು. ಆಮೇಲೆ ವಿಜ್ಞಾನಿಗಳು ಹವ್ಯಾಸಿ ಗಾಳದವರನ್ನೇ ಜೊತೆಗೆ ಕರೆದುಕೊಂಡು ಹೋಗಿ ಮೀನು ಹಿಡಿದು, ರೆಕ್ಕೆಯ ಚೂರು ಕತ್ತರಿಸಿಕೊಂಡು ಡಿಎನ್‌ಎ ನೋಡಿದರು. ಕೆನರಿ ರಾಕ್‌ಫಿಶ್ ಇಲ್ಲಿನದೇ ಬೇರೆ ಗುಂಪಲ್ಲ, ಹೊರಗಿನ ಸಾಗರದ್ದೇ ಅಂತ ತಿಳಿಯಿತು. 2017ರಲ್ಲಿ ಪಟ್ಟಿಯಿಂದ ತೆಗೆದರು. ಯೆಲ್ಲೊಐ ರಾಕ್‌ಫಿಶ್ ಮಾತ್ರ ನಿಜವಾಗಿ ಬೇರೆ ಅಂತ ಗಟ್ಟಿಯಾಯಿತು. ನೂರು ವರ್ಷ ದಾಟಿ ಬದುಕುವ ಮೀನು ಅದು. ಕೆಲವರು ಇದನ್ನು ಸೋಲು ಅಂದರು. ನನಗೆ ಹಾಗೆ ಅನಿಸಲಿಲ್ಲ. ಗಾಳದವರು ಈ ಪಟ್ಟಿಯನ್ನು ನಂಬಬೇಕಾದರೆ ಅದು ತಪ್ಪಿದಾಗ ತಿದ್ದಿಕೊಳ್ಳಲೂ ಬೇಕು.

ಪಟ್ಟಿ ಮಾಡುವುದು ನಮ್ಮಿಂದ ಶುರುವಾದದ್ದೂ ಅಲ್ಲ. ಈ ಸಮುದ್ರದ ಉತ್ತರ ತುದಿಯ ಕ್ವಾಡ್ರಾ ದ್ವೀಪದಲ್ಲಿ ಮೂಲನಿವಾಸಿಗಳು ಕಲ್ಲು ಪೇರಿಸಿ ಮಾಡಿದ ಚಿಪ್ಪಿನ ತೋಟಗಳಿಗೆ ಕನಿಷ್ಠ 3,500 ವರ್ಷ. ಎಲ್ಲಿ ಎಷ್ಟು ಚಿಪ್ಪು ಬೆಳೆಯುತ್ತದೆ ಅಂತ ತಲೆಮಾರುಗಟ್ಟಲೆ ಗಮನಿಸದೆ ಅಂಥದ್ದು ಆಗುವುದಿಲ್ಲ. ವಾಷಿಂಗ್ಟನ್‌ನಲ್ಲಂತೂ 1974ರಲ್ಲಿ ಬೋಲ್ಟ್ ಎಂಬ ನ್ಯಾಯಾಧೀಶರು ಕೊಟ್ಟ ತೀರ್ಪಿನ ನಂತರ, ಅಮೆರಿಕ ಸರ್ಕಾರದ ಜೊತೆ ಹಿಂದೆ ಒಪ್ಪಂದ ಮಾಡಿಕೊಂಡಿದ್ದ ಬುಡಕಟ್ಟುಗಳಿಗೆ ಹಿಡಿಯಬಹುದಾದ ಸಾಲ್ಮನ್‌ನಲ್ಲಿ ಅರ್ಧ ಪಾಲು, ಮೀನಿನ ಆಡಳಿತದಲ್ಲೂ ಪಾಲು. ಹೊಳೆಗಳಲ್ಲಿ ಸಾಲ್ಮನ್ ಎಣಿಸುವವರಲ್ಲಿ ಅವರ ವಿಜ್ಞಾನಿಗಳೂ ಇದ್ದಾರೆ. ಗೆಳೆಯರ ಜೊತೆ ಹೋಗುವ ದಡ ಯಾರದ್ದು ಅಂತ ಒಮ್ಮೆ ವಿಚಾರಿಸಿ. ಬುಡಕಟ್ಟಿನದ್ದಾದರೆ ಕೇಳದೆ ಹೋಗಬೇಡಿ.

ಈಗ ನಿಮ್ಮ ಫೋಟೋಗಳ ಮಾತು. ಆ್ಯಪ್‌ನ ನಕ್ಷೆ ತೆರೆದು ಚುಕ್ಕಿಗಳನ್ನು ನೋಡಿ. ಎಲ್ಲಿ ಕಾರು ನಿಲ್ಲಿಸಲು ಜಾಗ ಇದೆಯೋ ಅಲ್ಲಿ ಜೀವಿಗಳು ಕಿಕ್ಕಿರಿದ ಹಾಗೆ ಕಾಣುತ್ತದೆ. ದಾಖಲೆ ಒಂದು ಕಡೆಗೆ ವಾಲುವ ಇನ್ನೊಂದು ಓರೆ ಇದಕ್ಕಿಂತ ಕೆಟ್ಟದ್ದು, ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಬೇಸಿಗೆಯಲ್ಲಿ ದೊಡ್ಡ ಇಳಿತ ಬರುವುದು ಹಗಲಲ್ಲಿ. ಚಳಿಗಾಲದಲ್ಲಿ ರಾತ್ರಿ. ಹಾಗಾಗಿ ನಮ್ಮ ದಾಖಲೆ ತುಂಬ ಬೇಸಿಗೆಯ ಹಗಲೇ. ಚಳಿಗಾಲದ ರಾತ್ರಿ ದಡದಲ್ಲಿ ಏನಿರುತ್ತದೆ ಅಂತ ಬರೆದವರು ಬೆರಳೆಣಿಕೆ.

ತಪ್ಪು ಗುರುತಿನ ಬಗ್ಗೆ ನನ್ನದೇ ಒಂದು ಅವಮಾನ ಹೇಳಿಬಿಡುತ್ತೇನೆ. ಯುರೋಪಿನ ಹಸಿರು ಏಡಿ ಇಲ್ಲಿಗೆ ಹೊರಗಿಂದ ಬಂದ ಪೀಡೆ. ಈಲ್‌ಗ್ರಾಸ್ ಎಂಬ ಕಡಲ ಹುಲ್ಲನ್ನು ಕಿತ್ತುಹಾಕುತ್ತದೆ, ಚಿಪ್ಪುಗಳನ್ನು ತಿನ್ನುತ್ತದೆ. ಒಮ್ಮೆ ಹಸಿರಾಗಿ ಕಂಡ ಏಡಿಯನ್ನು ಹಿಡಿದು, ಗಾಬರಿಯಲ್ಲಿ ಸಿಕ್ಕವರಿಗೆಲ್ಲ ಫೋನ್ ಮಾಡಿದೆ. ಅದು ಪಾಪದ ಸ್ಥಳೀಯ ಏಡಿ. ಬಣ್ಣ ನೋಡಬಾರದು, ಕಣ್ಣಿನ ಪಕ್ಕ ಚಿಪ್ಪಿನ ಅಂಚಿನ ಮುಳ್ಳು ಎಣಿಸಬೇಕು. ಒಂದೊಂದು ಪಕ್ಕಕ್ಕೂ ಐದು ಇದ್ದರೆ ಹಸಿರು ಏಡಿ. ಸಾಲಿಶ್ ಸಮುದ್ರದ ವಾಷಿಂಗ್ಟನ್ ಭಾಗದಲ್ಲಿ ಈ ಏಡಿ ಮೊದಲು ಸಿಕ್ಕಿದ್ದು 2016ರಲ್ಲಿ, ಸ್ಯಾನ್ ಹ್ವಾನ್ ದ್ವೀಪದಲ್ಲಿ, ಕ್ರ್ಯಾಬ್ ಟೀಮ್ ಎಂಬ ಸ್ವಯಂಸೇವಕರ ಬೋನಿಗೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಬೋನು ಇಟ್ಟು, "ಇಲ್ಲ, ಇಲ್ಲ, ಇಲ್ಲ" ಅಂತ ಬರೆಯುತ್ತಿದ್ದವರು ಅವರು. ಆ "ಇಲ್ಲ"ಗಳು ಇಲ್ಲದಿದ್ದರೆ ಸಿಕ್ಕಿದ ಏಡಿ ಹೊಸದಾ ಹಳೆಯದಾ ಅಂತ ತಿಳಿಯುತ್ತಲೇ ಇರಲಿಲ್ಲ. ಸಿಕ್ಕರೆ ನೀವಾಗಿ ಕೊಲ್ಲಬೇಡಿ. ಫೋಟೋ ತೆಗೆದು, ಜಾಗ ಬರೆದು, ಮೀನು ಮತ್ತು ವನ್ಯಜೀವಿ ಇಲಾಖೆಗೆ ಕಳಿಸಿ. ಹಾಗೆ ಕೊಂದವುಗಳಲ್ಲಿ ಸ್ಥಳೀಯ ಏಡಿಗಳೂ ಸೇರಿಬಿಡುತ್ತವೆ.

ಬರೆಯಬಾರದ್ದೂ ಒಂದಿದೆ. ಪಿಂಟೊ ಅಬಲೋನಿ ಎಂಬ ಬಟ್ಟಲಿನಂಥ ಚಿಪ್ಪಿನ ಜೀವಿ ಕಂಡರೆ ಜಾಗ ಬಹಿರಂಗ ಮಾಡಬೇಡಿ. ಸ್ಯಾನ್ ಹ್ವಾನ್ ದ್ವೀಪಗಳಲ್ಲಿ ಎಣಿಸುವ ಜಾಗಗಳಲ್ಲಿ 1992ರಿಂದ 2017ರೊಳಗೆ ಶೇ. 97ರಷ್ಟು ಹೋಗಿವೆ. ಗಂಡು ಹೆಣ್ಣು ಹತ್ತಿರ ಇಲ್ಲದೆ ಮರಿಯೇ ಆಗದ ಸ್ಥಿತಿ. ರುಚಿಗಾಗಿ ಕದಿಯುವವರೂ ಉಂಟು. ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಎಷ್ಟೋ ಜೀವಿಗಳ ಜಾಗವನ್ನು ತಾನೇ ಮಸುಕು ಮಾಡುತ್ತದೆ. ಆದರೆ ನೀವು ಅದೇ ಫೋಟೋವನ್ನು ದಡದ ಹೆಸರಿನ ಸಮೇತ ಬೇರೆಲ್ಲೋ ಹಾಕಿದರೆ ಆ ಮಸುಕಿಗೆ ಅರ್ಥವೇ ಇಲ್ಲ.

ಕಸ ಹೆಕ್ಕುವುದು ಮೇಲಾ ಅಂತ ಕೇಳಿದ್ದೀರಿ. ಹೆಕ್ಕಿ, ಒಳ್ಳೆಯದೇ. ಆದರೆ ಟೈರಿನ ವಿಷವನ್ನೂ ಹಡಗಿನ ಸದ್ದನ್ನೂ ಚೀಲಕ್ಕೆ ತುಂಬಲಾಗದು. ನಿಮ್ಮ ಸಮಯ ನನ್ನ ಕೈಲಿದ್ದರೆ ನಾನು ಹೀಗೆ ಹೇಳುತ್ತಿದ್ದೆ: ಮನೆಗೆ ಹತ್ತಿರದ ಒಂದೇ ಒಂದು ದಡ ಆರಿಸಿಕೊಳ್ಳಿ. ಚಂದ ಇಲ್ಲದಿದ್ದರೂ ಪರವಾಗಿಲ್ಲ, ತಿಂಗಳಿಗೊಮ್ಮೆ ಹೋಗಲು ಆಗಬೇಕು ಅಷ್ಟೇ. ಹತ್ತು ಜೀವಿಗಳ ಪಟ್ಟಿ ಇಟ್ಟುಕೊಳ್ಳಿ, ಎಲ್ಲೆಡೆ ಸಿಗುವಂಥವು. ಪ್ರತಿ ಸಲ ಅದೇ ಹತ್ತನ್ನು ಅಷ್ಟೇ ಹೊತ್ತು ಹುಡುಕಿ, ಕಾಣದಿದ್ದರೆ ಕಾಣಲಿಲ್ಲ ಅಂತ ಬರೆಯಿರಿ. ಐನ್ಯಾಚುರಲಿಸ್ಟ್ "ಕಾಣಲಿಲ್ಲ"ವನ್ನು ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಬೇರೆ ನೋಟ್‌ಬುಕ್ ಬೇಕು. ಕ್ರ್ಯಾಬ್ ಟೀಮ್‌ನಂಥ ಕಡೆ ಸೇರಿದರೆ ಆ ನಮೂನೆ ಅವರೇ ಕೊಡುತ್ತಾರೆ. ಸಾಫ್ಟ್‌ವೇರಿನವರು ನೀವು, ದತ್ತಾಂಶ ಹೊಂದಿಸಲು ಕೈ ಜೋಡಿಸಿದರೆ ಎಷ್ಟೋ ಸಣ್ಣ ಗುಂಪುಗಳಿಗೆ ಅದೇ ದೊಡ್ಡ ಉಪಕಾರ.

ಫೋಟೋ ತೆಗೆಯುವಾಗ ಮೇಲಿಂದ ಒಂದು, ಪಕ್ಕದಿಂದ ಒಂದು, ಅಳತೆಗೆ ನಾಣ್ಯವೋ ಬೆರಳೋ ಪಕ್ಕದಲ್ಲಿರಲಿ. ಕಲ್ಲು ಎತ್ತಿದರೆ ಅದೇ ಮಗ್ಗುಲಿಗೆ ಮೆಲ್ಲಗೆ ಇಡಿ. ಮಗುಚಿ ಬಿಟ್ಟು ಬಂದರೆ ಅಡಿಯಲ್ಲಿದ್ದವು ಒಣಗಿ ಸಾಯುತ್ತವೆ, ಮೇಲಿದ್ದವು ಉಸಿರುಗಟ್ಟಿ ಸಾಯುತ್ತವೆ. ಈಲ್‌ಗ್ರಾಸ್ ಮೇಲೆ ಕಾಲಿಡಬೇಡಿ.

ಮತ್ತೆ, ಡಿಸೆಂಬರಿನ ಒಂದು ರಾತ್ರಿ ಇಳಿತಕ್ಕೆ ಖಂಡಿತ ಹೋಗಿ. ಒಬ್ಬರೇ ಬೇಡ. ತಲೆಗೆ ಕಟ್ಟುವ ದೀಪ, ಉದ್ದದ ರಬ್ಬರ್ ಬೂಟು, ಒದ್ದೆಯಾದರೂ ಬರೆಯಬಹುದಾದ ಕಾಗದ ಇರಲಿ. ನೀರು ಮತ್ತೆ ಏರುವ ಹೊತ್ತು ಎಷ್ಟು ಅಂತ ಮೊದಲೇ ನೋಡಿಕೊಳ್ಳಿ, ಕತ್ತಲಲ್ಲಿ ಅದು ಬೆನ್ನ ಹಿಂದಿನಿಂದ ಬರುತ್ತದೆ. ಹಗಲಲ್ಲಿ ನೀವು ಹತ್ತು ಸಲ ನೋಡಿದ ಅದೇ ಬಂಡೆಯ ಮೇಲೆ ಆಗ ಏನು ಓಡಾಡುತ್ತಿದೆ ಅಂತ ಬರೆದು ಕಳಿಸಿ, ನನಗೂ ಬೇಕು.